ನೆಲಕ್ಕೆ ಗೆರೆ ಎಳೆದ್ರೆ ಮನೆ ಮರ್ಯಾದೆ ಹೋಗುತ್ತಾ?

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಿನಲ್ಲಿ ಬರೆದ ಬರಹ. ಹೊಸಪೇಟೆಯವನು ಅಂದ ತಕ್ಷಣ ಹಂಪಿಯ ಫೋಟೋ, ಪ್ರವಾಸ ಕಥನ ನಿರೀಕ್ಷೆ ಮಾಡಿ ಬಂದವರು ಕ್ಷಮಿಸಿ. ಹಂಪಿ ಬರುತ್ತೆ, ಆದರೆ ಬೇರೆ ಕಾರಣಕ್ಕೆ.

ವಿಷಯ ಇಷ್ಟೇ. ಪಾರ್ಕಿನ್ಸನ್ ಕಾಯಿಲೆ ಇರುವ ಎಷ್ಟೋ ಜನರಿಗೆ ನಡೀತಾ ನಡೀತಾ ಕಾಲು ಇದ್ದಕ್ಕಿದ್ದ ಹಾಗೆ ನೆಲಕ್ಕೆ ಅಂಟಿಕೊಂಡುಬಿಡುತ್ತೆ. ಅಂಥವರು ನಡೆಯುವ ದಾರಿಗೆ ಅಡ್ಡಲಾಗಿ ನೆಲದ ಮೇಲೆ ನಾಲ್ಕು ಗೆರೆ ಹಾಕಿ ನೋಡಿ. ಅವರಲ್ಲಿ ಅನೇಕರು ಒಂದೊಂದೇ ಗೆರೆ ದಾಟುತ್ತಾ ನಡೆದುಬಿಡ್ತಾರೆ. ಇದಕ್ಕೆ ಬೇಕಾಗಿರೋದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ ಬಣ್ಣದ ಟೇಪಿನ ಸುರುಳಿ, ಒಂದು ಕತ್ತರಿ, ಅರ್ಧ ಗಂಟೆ ಸಮಯ. ಇದು ವಾಟ್ಸಾಪಿನಲ್ಲಿ ಬಂದ ಮನೆಮದ್ದಲ್ಲ. ಐವತ್ತು ವರ್ಷಕ್ಕೂ ಹಿಂದೆ ವೈದ್ಯಕೀಯ ಪುಸ್ತಕದಲ್ಲಿ ಅಚ್ಚಾದ ವಿಷಯ. ಆದರೂ ನಮ್ಮ ಮನೆಗಳಲ್ಲಿ ಆ ನಾಲ್ಕು ಗೆರೆ ಬೀಳೋದಿಲ್ಲ. ಯಾಕೆ ಅನ್ನೋದೇ ನನ್ನ ಸಿಟ್ಟು.

ನಮ್ಮ ದೊಡ್ಡಪ್ಪನಿಗೆ ಈ ಕಾಯಿಲೆ ಬಂದು ಎಂಟು ವರ್ಷ ಆಯ್ತು. ಕಂಪ್ಲಿಯಲ್ಲಿ ಬತ್ತ, ಬಾಳೆ ಬೆಳೆದುಕೊಂಡಿದ್ದ ಮನುಷ್ಯ. ಈಗ ಹೊಸಪೇಟೆಯಲ್ಲಿ ಅಣ್ಣ ಕಟ್ಟಿಸಿದ ಹೊಸ ಮನೆಯಲ್ಲಿ ಇದ್ದಾರೆ. ಮೊದಲು ಬಲಗೈ ನಡುಗೋಕೆ ಶುರುವಾಯ್ತು, ಆಮೇಲೆ ಅಕ್ಷರ ಸಣ್ಣ ಆಯ್ತು, ಆಮೇಲೆ ನಡಿಗೆ. ಹಾಲಿನಿಂದ ಬಚ್ಚಲಿಗೆ ಹೋಗಬೇಕಾದ್ರೆ ಬಾಗಿಲ ಹತ್ರ ಗಕ್ಕನೆ ನಿಂತುಬಿಡ್ತಾರೆ. ಮೈ ಮುಂದಕ್ಕೆ ಹೋಗುತ್ತೆ, ಕಾಲು ಹೋಗಲ್ಲ. "ತಮ್ಮಾ, ಯಾರೋ ಪಾದಕ್ಕ ಗೋಂದು ಹಚ್ಚಿದಂಗ ಆಗ್ತೈತಿ ನೋಡು" ಅಂತಾರೆ. ಹೀಗೇ ಎರಡು ಸಲ ಬಿದ್ದಿದ್ದಾರೆ, ಎರಡನೇ ಸಲ ಮಣಿಕಟ್ಟು ಮುರೀತು. ಅದಾದ ಮೇಲೆ ಸಂಜೆ ಹೊತ್ತು ನೀರು ಕುಡಿಯೋದನ್ನೇ ಕಮ್ಮಿ ಮಾಡಿದ್ರು, ರಾತ್ರಿ ಎದ್ದು ಬಚ್ಚಲಿಗೆ ಹೋಗೋದು ತಪ್ಪಲಿ ಅಂತ.

ಆದರೆ ಅದೇ ದೊಡ್ಡಪ್ಪ ಮಹಡಿ ಮೆಟ್ಟಿಲನ್ನು ಕಂಬಿ ಹಿಡ್ಕೊಂಡು ಟಕಟಕ ಹತ್ತುತ್ತಾರೆ! ನಮ್ಮ ಸಮಸ್ಯೆ ಶುರುವಾಗೋದೇ ಇಲ್ಲಿ. ನೋಡಿದವರೆಲ್ಲ ತೀರ್ಪು ಕೊಡೋಕೆ ರೆಡಿ. "ಮೆಟ್ಲು ಹತ್ತಾಕ ಬರ್ತೈತಿ, ಸಾಪ್ ನೆಲದ ಮ್ಯಾಲೆ ನಡಿಯಾಕ ಬರಂಗಿಲ್ಲ ಅಂದ್ರ ಏನರ್ಥ? ಎಲ್ಲಾರೂ ತನ್ನ ಕಡೀಗೆ ನೋಡ್ಲಿ ಅಂತ ಮಾಡ್ತಾನ" ಅಂತ ಒಬ್ಬ ನೆಂಟರು ಅವರ ಎದುರಿಗೇ ಅಂದ್ರು. ಇನ್ನೊಬ್ಬರು "ಮನಸ್ಸು ಗಟ್ಟಿ ಮಾಡ್ಕೋಬೇಕ್ರಿ" ಅಂತ ಉಪದೇಶ ಕೊಟ್ಟು ಕಾಫಿ ಕುಡಿದು ಹೋದ್ರು. ಮೂರನೆಯವರಿಗೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನೋ ಅನುಮಾನ.

ಅಲ್ಲಾ ಸ್ವಾಮಿ, ಎಪ್ಪತ್ತು ದಾಟಿದ ರೈತ, ಜೀವಮಾನವೆಲ್ಲ ಗದ್ದೆ ಬದುವಿನ ಮೇಲೆ ನಡೆದವನು, ಮಣಿಕಟ್ಟು ಮುರ್ಕೊಂಡು ನಾಟಕ ಮಾಡ್ತಾನಾ?

ಇದು ನಾಟಕವಲ್ಲ. ಮೆಟ್ಟಿಲು ಬರುತ್ತೆ, ಸಪಾಟು ನೆಲ ಬರಲ್ಲ ಅನ್ನೋದೇ ಈ ಕಾಯಿಲೆಯ ಗುರುತುಗಳಲ್ಲಿ ಒಂದು. ಯಾಕೆ ಅಂತ ನನಗೆ ಅರ್ಥವಾದ ರೀತಿಯಲ್ಲಿ ಹೇಳ್ತೀನಿ, ಡಾಕ್ಟರ್ ಮಿತ್ರರು ಇದ್ದರೆ ತಿದ್ದಿ. ನಾವು ನೀವು ನಡೆಯುವಾಗ ಹೆಜ್ಜೆ ಬಗ್ಗೆ ಯೋಚನೆ ಮಾಡೋದಿಲ್ಲ. ಫೋನಿನಲ್ಲಿ ಮಾತಾಡ್ತಾ, ಬೈಕಿನ ಕೀ ಹುಡುಕ್ತಾ ನಡೀತೀವಿ. ಹೆಜ್ಜೆ ಎಷ್ಟು ಉದ್ದ ಇರಬೇಕು, ಯಾವಾಗ ಕಾಲು ಎತ್ತಬೇಕು ಅನ್ನೋ ಲೆಕ್ಕದಲ್ಲಿ ದೊಡ್ಡ ಪಾಲನ್ನು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ತನ್ನಷ್ಟಕ್ಕೆ ನೋಡಿಕೊಳ್ಳುತ್ತೆ. ಅದು ಸರಿಯಾಗಿ ಕೆಲಸ ಮಾಡಲು ಡೋಪಮಿನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕ್‌ಗ್ರೌಂಡಿನಲ್ಲಿ ತನ್ನಷ್ಟಕ್ಕೆ ಓಡುತ್ತಿದ್ದ ಪ್ರೋಗ್ರಾಂ ಹ್ಯಾಂಗ್ ಆಗುತ್ತೆ.

ಆದರೆ ಕಾಲು ಕೆಟ್ಟಿಲ್ಲ, ಸ್ನಾಯು ಕೆಟ್ಟಿಲ್ಲ. ಕಣ್ಣೆದುರಿಗೆ 'ಇದನ್ನು ದಾಟು' ಅಂತ ಒಂದು ಸ್ಪಷ್ಟ ಗುರಿ ಕಂಡರೆ, ಮಿದುಳು ಆ ಹ್ಯಾಂಗ್ ಆದ ದಾರಿಯನ್ನು ಬಿಟ್ಟು ನೋಟ ಮತ್ತು ಗಮನದ ಇನ್ನೊಂದು ದಾರಿಯಿಂದ ಕಾಲಿಗೆ ಆಜ್ಞೆ ಕಳಿಸಬಲ್ಲದು. ಆಟೋಮ್ಯಾಟಿಕ್ ಜಾಬ್ ಬಿದ್ದುಹೋದಾಗ ನಾವು ಕೈಯಿಂದ ಕಮಾಂಡ್ ಕೊಟ್ಟು ಓಡಿಸೋದಿಲ್ಲವೇ, ಹಾಗೆ. ಮೆಟ್ಟಿಲಿನ ಪ್ರತಿ ಅಂಚೂ ಅಂಥದ್ದೊಂದು ಗುರಿ. ಬಿಳೀ ಟೈಲ್ಸಿನ ನೆಲದಲ್ಲಿ ಗುರಿಯೇ ಇಲ್ಲ. ಅಷ್ಟೇ ವ್ಯತ್ಯಾಸ.

ನಂಬಿಕೆ ಬರಲಿಲ್ವಾ? 2010ರಲ್ಲಿ ನೆದರ್‌ಲೆಂಡ್ಸಿನ ಡಾಕ್ಟರುಗಳು ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ 58 ವರ್ಷದ ಒಬ್ಬ ರೋಗಿಯ ವಿಡಿಯೋ ಪ್ರಕಟಿಸಿದರು. ಆ ಮನುಷ್ಯನಿಗೆ ನಾಲ್ಕು ಹೆಜ್ಜೆ ಇಡೋದೇ ಕಷ್ಟ, ಬಿದ್ದುಬಿಡ್ತಾನೆ. ಅದೇ ಮನುಷ್ಯ ಸೈಕಲ್ ಹತ್ತಿದರೆ ನಮ್ಮ ನಿಮ್ಮ ಹಾಗೆ ಸರಾಗವಾಗಿ ತುಳಿದುಕೊಂಡು ಹೋಗ್ತಾನೆ! ಆತನೂ ನಾಟಕ ಮಾಡ್ತಿದ್ದ ಅಂತೀರಾ?

ಗೆರೆಗಳ ವಿಷಯ ಇದಕ್ಕಿಂತ ಹಳೇದು. ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಿದ್ದು 1817ರಲ್ಲಿ. ಪರ್ಡನ್ ಮಾರ್ಟಿನ್ ಎಂಬ ಬ್ರಿಟಿಷ್ ನರರೋಗ ತಜ್ಞ, ನೆಲದ ಮೇಲೆ ದಾರಿಗೆ ಅಡ್ಡಲಾಗಿ ಎದ್ದು ಕಾಣುವ ಗೆರೆ ಹಾಕಿದರೆ ರೋಗಿಗಳ ನಡಿಗೆ ಸುಧಾರಿಸುತ್ತೆ ಅಂತ 1967ರ ತನ್ನ ಪುಸ್ತಕದಲ್ಲಿ ಬರೆದ. ಮುಂದೆ 1990ರ ದಶಕದಲ್ಲಿ ಮೆಲ್ಬರ್ನಿನಲ್ಲಿ ಮೆಗ್ ಮೋರಿಸ್, ರಾಬರ್ಟ್ ಇಯಾನ್ಸೆಕ್ ಮತ್ತು ಸಂಗಡಿಗರು ಅಳತೆ ಪಟ್ಟಿ ಹಿಡಿದು ಇದನ್ನೇ ಪರೀಕ್ಷೆ ಮಾಡಿದರು. ಗೆರೆಗಳು ಇದ್ದಾಗ ರೋಗಿಗಳ ಚಿಕ್ಕ ಚಿಕ್ಕ ಹೆಜ್ಜೆ ಸಹಜವಾದ ಉದ್ದಕ್ಕೆ ಬರುತ್ತಿತ್ತು. ಅಂದರೆ ದೊಡ್ಡ ಹೆಜ್ಜೆ ಇಡುವ ಶಕ್ತಿ ಹೋಗಿರಲಿಲ್ಲ, ಅದನ್ನು ಎಬ್ಬಿಸುವ ಕೀಲಿ ಕಳೆದಿತ್ತು.

ಸಿನಿಮಾ ಹುಚ್ಚಿನವರಿಗೆ ಇನ್ನೊಂದು ನೆನಪು ಮಾಡ್ತೀನಿ. 1990ರಲ್ಲಿ ಬಂದ 'ಅವೇಕನಿಂಗ್ಸ್' ನೋಡಿದ್ದೀರಾ? ರಾಬಿನ್ ವಿಲಿಯಮ್ಸ್, ರಾಬರ್ಟ್ ಡಿ ನೀರೋ ಇರುವ ಸಿನಿಮಾ. ಅದರಲ್ಲಿ ಒಬ್ಬ ರೋಗಿ ನಡೆದುಕೊಂಡು ಹೋಗುತ್ತಾ, ನೆಲದ ಚೌಕಳಿ ಎಲ್ಲಿ ಮುಗಿಯುತ್ತೋ ಅಲ್ಲಿಗೇ ನಿಂತುಬಿಡ್ತಾಳೆ. ಡಾಕ್ಟರೂ ನರ್ಸೂ ಸೇರಿ ಉಳಿದ ನೆಲಕ್ಕೂ ಬಣ್ಣ ಬಳಿದು ಚೌಕಳಿಯನ್ನು ಮುಂದುವರಿಸ್ತಾರೆ, ಆಕೆ ಮುಂದೆ ನಡೀತಾಳೆ. ಎಲ್ಲರೂ ಕಣ್ಣೀರು ಹಾಕಿ ನೋಡಿದ್ವಿ. ಮನೆಗೆ ಬಂದು ನಮ್ಮ ಮನೆ ನೆಲ ಮಾತ್ರ ನೋಡಲಿಲ್ಲ.

ಪರದೇಶದ ಉದಾಹರಣೆ ಸಾಕು ಅಂತೀರಾ? ಪಕ್ಕದ ಪುಣೆಗೆ ಬನ್ನಿ. ಮಿಲೇಹಾ ಸೋನೇಜಿ ಅನ್ನೋ ಡಿಸೈನರ್ ಪುಣೆಯಲ್ಲಿದ್ದ ತಮ್ಮ ಸಂಬಂಧಿಕರನ್ನು ಗಮನಿಸಿದರು. ಅವರಿಗೂ ಪಾರ್ಕಿನ್ಸನ್, ಅವರಿಗೂ ನೆಲದ ಮೇಲೆ ನಡೆಯೋಕೆ ಕಷ್ಟ, ಮೆಟ್ಟಿಲು ಮಾತ್ರ ಸಲೀಸು. ನಮ್ಮ ನೆಂಟರು ಅದನ್ನು ನೋಡಿ 'ನಾಟಕ' ಅಂದರು, ಈಕೆ ಅದನ್ನೇ ನೋಡಿ 'ಹಾಗಾದ್ರೆ ನೆಲವನ್ನೇ ಮೆಟ್ಟಿಲು ಮಾಡೋಣ' ಅಂದರು. ಮೆಟ್ಟಿಲಿನ ಹಾಗೆ ಕಾಣುವ ಚಿತ್ರವನ್ನು ನೆಲಕ್ಕೆ ಅಂಟಿಸಿದರು. ಚಿತ್ರದ ಮೇಲೆ ಅವರು ನಡೆದರು, ಚಿತ್ರ ಮುಗಿದ ಕಡೆ ಮತ್ತೆ ಕಾಲು ಕಟ್ಟಿತು. 2015ರ ಟೆಡ್‌ಎಕ್ಸ್ ಭಾಷಣದಲ್ಲಿ ಅವರು ಇದನ್ನು ತೋರಿಸಿದ್ದಾರೆ, ಹುಡುಕಿ ನೋಡಿ. ನೋಡಿದ್ದು ಒಂದೇ ದೃಶ್ಯ. ಒಬ್ಬರಿಗೆ ಅದು ಆರೋಪ, ಇನ್ನೊಬ್ಬರಿಗೆ ಉಪಾಯ.

ಈಗ ಹಂಪಿಗೆ ಬರ್ತೀನಿ. ಹೋದ ವರ್ಷ ದೊಡ್ಡಪ್ಪನನ್ನು ವಿರೂಪಾಕ್ಷನ ದರ್ಶನಕ್ಕೆ ಕರ್ಕೊಂಡು ಹೋಗಿದ್ವಿ. ಗೋಪುರದ ಒಳಗಿನ ಅಂಗಳ ಗೊತ್ತಲ್ಲ, ಪೂರ್ತಿ ಕಲ್ಲು ಚಪ್ಪಡಿ ಹಾಸು. ಚಪ್ಪಡಿ ಚಪ್ಪಡಿ ನಡುವೆ ಸಂದು. ನಾನು ವೀಲ್‌ಚೇರ್ ಬೇಕಾಗುತ್ತೇನೋ ಅಂತ ಯೋಚನೆ ಮಾಡ್ತಿದ್ರೆ, ಈ ಮನುಷ್ಯ ತಲೆ ಬಗ್ಗಿಸಿ ಒಂದೊಂದೇ ಸಂದು ನೋಡಿಕೊಂಡು, ಒಂದೊಂದೇ ಕಲ್ಲು ದಾಟಿಕೊಂಡು ಮಂಟಪದ ತನಕ ಹೋಗಿಬಿಟ್ರು! "ಇಲ್ಲಿ ಕಲ್ಲು ದಾರಿ ತೋರಸ್ತಾವು ತಮ್ಮಾ" ಅಂದ್ರು. ದೊಡ್ಡಮ್ಮ ದೇವರ ಮಹಿಮೆ ಅಂತ ಕೈ ಮುಗಿದರು, ಅವರ ನಂಬಿಕೆ ಅವರಿಗೆ ಇರಲಿ. ನನ್ನ ತಲೆಯಲ್ಲಿ ಓಡಿದ್ದು ಕಂಪ್ಲಿಯ ಹಳೇ ಮನೆ. ಅಲ್ಲಿ ನೆಲಕ್ಕೆ ಕಪ್ಪು ಕಡಪ ಕಲ್ಲು, ನಡುನಡುವೆ ಸಿಮೆಂಟಿನ ಬಿಳಿ ಸಂದು. ಅಲ್ಲಿಗೆ ಹೋದಾಗಲೂ ದೊಡ್ಡಪ್ಪ ನಿಂತುಬಿಡೋದು ಕಮ್ಮಿ. ಹೊಸಪೇಟೆ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಕನ್ನಡಿಯಂಥ ಟೈಲ್ಸು, ಸಂದು ಕಾಣದ ಹಾಗೆ ಅದೇ ಬಣ್ಣ ತುಂಬಿಸಿದ್ದು. ಮೇಸ್ತ್ರಿ ಅದನ್ನೇ ಹೆಮ್ಮೆಯಿಂದ ತೋರಿಸಿದ್ದ, ಪಾಪ.

ಆ ವಾರವೇ ಟೇಪ್ ತಂದೆ. ಕೆಂಪು. ಅಂಟಿಸೋಕೆ ಕೂತಾಗ ಮನೆಯಲ್ಲಿ ಆದ ಗಲಾಟೆ ಹೇಳಬಾರದು. "ಲಕ್ಷಾಂತರ ಕೊಟ್ಟು ಹಾಕಿಸಿದ ಟೈಲ್ಸು", "ಬಂದವರು ಏನಂತಾರೆ", "ಆಸ್ಪತ್ರೆ ವಾರ್ಡಿನ ಥರ ಕಾಣುತ್ತೆ". ಹುಡುಗಿ ನೋಡೋಕೆ ಬರುವವರು ಮನೆಯಲ್ಲಿ ಕಾಯಿಲೆ ಇದೆ ಅಂತ ತಿಳ್ಕೋತಾರೆ ಅನ್ನೋ ಮಾತೂ ಬಂತು!

ಈ 'ಮನೆ ಅಂದ'ದ ವಾದ ನನಗೆ ಅರ್ಥವೇ ಆಗಲ್ಲ. ನಮ್ಮ ಕಡೆ ದೇವಸ್ಥಾನದ ಗೋಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳೀತೀವಿ, ಅದು ಲಕ್ಷಣ. ಬಾಗಿಲ ಮುಂದೆ ದಿನಾ ಬೆಳಿಗ್ಗೆ ರಂಗೋಲಿ ಗೆರೆ ಎಳೀತೀವಿ, ಅದು ಮಂಗಳ. ರಸ್ತೆಗೆ ಜೀಬ್ರಾ ಪಟ್ಟೆ ಬಳಿದರೆ ಸುರಕ್ಷತೆ. ಬೆಂಗಳೂರಿನ ಮೆಟ್ರೋ ಸ್ಟೇಷನ್ನಿನಲ್ಲಿ ಕಣ್ಣು ಕಾಣದವರಿಗಾಗಿ ಹಳದಿ ಉಬ್ಬು ಟೈಲ್ಸ್ ಹಾಕಿದ್ದಾರೆ, ಅದನ್ನು ನೋಡಿ ಯಾರಾದರೂ ಸ್ಟೇಷನ್ ಅಂದ ಕೆಟ್ಟಿತು ಅಂದಿದ್ದು ಕೇಳಿದ್ದೀರಾ? ಆದರೆ ಮನೆಯ ಹಿರಿಯ ಮನುಷ್ಯ ಬೀಳದೆ ಬಚ್ಚಲಿಗೆ ಹೋಗಲಿ ಅಂತ ಎಂಟು ಗೆರೆ ಎಳೆದರೆ ಅವಲಕ್ಷಣ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರೂ ಇದೆ. ಕಾನೂನಿಗೆ ಒಪ್ಪಿಗೆಯಾದದ್ದು ನಮ್ಮ ಡ್ರಾಯಿಂಗ್ ರೂಮಿಗೆ ಇನ್ನೂ ಒಪ್ಪಿಗೆ ಆಗಿಲ್ಲ. ನಾವು ಮನೆ ಕಟ್ಟೋದು ಇರುವವರಿಗಾ, ಬರುವವರಿಗಾ?

ಇರಲಿ, ಮನೆಯವರಿಗಾದರೂ ಗೊತ್ತಿರಲಿಲ್ಲ. ಗೊತ್ತಿರುವವರ ಕಥೆ ಏನು? ಈ ಎಂಟು ವರ್ಷದಲ್ಲಿ ದೊಡ್ಡಪ್ಪ ಎಷ್ಟೋ ಸಲ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದಿದ್ದಾರೆ. ಬೆಳಿಗ್ಗೆ ಇಳಿದು, ಟೋಕನ್ ತಗೊಂಡು, ಮಧ್ಯಾಹ್ನದ ತನಕ ಕಾದು, ಡಾಕ್ಟರ ಎದುರು ಕೂತಿದ್ದು ಐದು ನಿಮಿಷ. ಮಾತ್ರೆ ಎಷ್ಟು ಹೊತ್ತಿಗೆ, ಅರ್ಧವೋ ಒಂದೋ, ಮುಗೀತು. ಹೆಸರು ಬೇಡ, ಹೆಸರಿನ ಪ್ರಶ್ನೆಯೂ ಅಲ್ಲ. ಹೊರಗೆ ನೂರು ಜನ ಕಾಯುತ್ತಿರುವಾಗ ಅವರ ಕಷ್ಟವೂ ನನಗೆ ಗೊತ್ತು. ಆದರೆ "ಬೀಳ್ತಾರೆ ಡಾಕ್ಟ್ರೇ" ಅಂದಾಗ "ಹುಷಾರಾಗಿ ನೋಡ್ಕೊಳ್ಳಿ" ಅನ್ನೋಕೆ ಹಿಡಿಯೋ ಸಮಯದಲ್ಲೇ "ನೆಲಕ್ಕೆ ಅಡ್ಡ ಗೆರೆ ಹಾಕಿ ನೋಡಿ, ಒಬ್ಬ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ" ಅಂತಲೂ ಹೇಳಬಹುದಿತ್ತು. ಯುರೋಪಿನ ಫಿಸಿಯೋಥೆರಪಿಸ್ಟುಗಳು 2014ರಲ್ಲಿ ಹೊರತಂದ ಪಾರ್ಕಿನ್ಸನ್ ಮಾರ್ಗಸೂಚಿಯಲ್ಲಿ ಇಂಥ ಸೂಚನೆಗಳನ್ನು ಬಳಸಿ ಅಂತ ಶಿಫಾರಸು ಇದೆ. ಅಂದರೆ ಇದು ಗುಟ್ಟಲ್ಲ. ಮಾತ್ರೆ ಬರೆದ ಚೀಟಿಯ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆದು ತೋರಿಸಿದ್ದರೂ ಸಾಕಿತ್ತು, ಒಂದು ಮಣಿಕಟ್ಟು ಉಳೀತಿತ್ತೇನೋ.

ಟೇಪನ್ನು ಹೊಗಳುತ್ತಾ ಮಾತ್ರೆಯನ್ನು ಬೈತಿದ್ದೀನಿ ಅಂದುಕೊಳ್ಳಬೇಡಿ. ಮಾತ್ರೆ ಇಲ್ಲದಿದ್ದರೆ ದೊಡ್ಡಪ್ಪ ಮಂಚದಿಂದ ಏಳೋದೇ ಕಷ್ಟ. ಎರಡೂ ಬೇಕು. ಒಂದಕ್ಕೆ ಚೀಟಿ ಇದೆ, ಇನ್ನೊಂದಕ್ಕೆ ಇಲ್ಲ, ಅದೇ ತಕರಾರು.

ಇನ್ನು ನಮ್ಮ ಜಾತಿಯವರು, ಅಂದ್ರೆ ಸಾಫ್ಟ್‌ವೇರ್ ಮಂದಿ :-) ಆಫೀಸಿನಲ್ಲಿ ಊಟಕ್ಕೆ ಕೂತಾಗ ಈ ವಿಷಯ ಹೇಳಿದೆ. ಐದೇ ನಿಮಿಷದಲ್ಲಿ ಒಬ್ಬ ಆ್ಯಪ್ ಅಂದ, ಇನ್ನೊಬ್ಬ ಕನ್ನಡಕದಲ್ಲೇ ಗೆರೆ ತೋರಿಸೋಣ ಅಂದ, ಮೂರನೆಯವನು ಕ್ಯಾಮೆರಾ ಇಟ್ಟು ಹೆಜ್ಜೆ ಅಳೆದು ಎಐ ಮಾಡಲ್ ಟ್ರೇನ್ ಮಾಡೋಣ ಅಂದ. "ಟೇಪ್ ಸಾಕಲ್ವಾ?" ಅಂದೆ. "ಅದು ಸ್ಕೇಲ್ ಆಗಲ್ಲ ಮಗಾ" ಅಂದ್ರು! ಹತ್ತು ಅಡಿ ಹಾಲಿಗೆ ಯಾವ ಸ್ಕೇಲ್ ಬೇಕು?

ಸಾಧನಗಳು ಸುಳ್ಳು ಅಂತಲ್ಲ. ಮುಂದೆ ಗೆರೆ ಬೀಳಿಸುವ ಲೇಸರ್ ಊರುಗೋಲು ಮಾರಾಟಕ್ಕಿದೆ, ಬೆಲೆ ನೂರಾರು ಡಾಲರ್. 2017ರಲ್ಲಿ ನೆದರ್‌ಲೆಂಡ್ಸಿನಲ್ಲಿ ಲೇಸರ್ ಅಳವಡಿಸಿದ ಶೂಗಳನ್ನು 19 ರೋಗಿಗಳಿಗೆ ಹಾಕಿ ನೋಡಿದರು. ಔಷಧದ ಪ್ರಭಾವ ಇಲ್ಲದ ಹೊತ್ತಿನಲ್ಲಿ ಕಾಲು ಕಟ್ಟುವುದು ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯಿತು. ಒಳ್ಳೇದೇ, ಹೊರಗೆ ಓಡಾಡುವವರಿಗೆ ಬೇಕು. ಆದರೆ ಆ ಲೇಸರ್ ಮಾಡೋದಾದ್ರೂ ಏನು? ನೆಲದ ಮೇಲೆ ಒಂದು ಗೆರೆ ಎಳೆಯೋದು! ಕಂಪ್ಲಿಯ ರೈತನಿಗೆ ಅದು ಬರುವ ತನಕ ಕಾಯಿ ಅನ್ನಬೇಕಾ? ಟೇಪಿಗೆ ಚಾರ್ಜರ್ ಬೇಡ, ಅಪ್‌ಡೇಟ್ ಬೇಡ, ಸಬ್‌ಸ್ಕ್ರಿಪ್ಷನ್ ಬೇಡ. ಅದಕ್ಕೇ ಅದರ ಪರವಾಗಿ ಮಾತಾಡೋಕೆ ಯಾರೂ ಇಲ್ಲ. ಲಾಭ ಇಲ್ಲದ ವಸ್ತುವಿಗೆ ಜಾಹೀರಾತು ಕೊಡೋರು ಯಾರು?

ಟೇಪ್ ಹಚ್ಚಿದರೆ ಎಲ್ಲ ಸರಿಹೋಗುತ್ತೆ ಅಂತ ಹೇಳಿದರೆ ನಾನೂ ಜಾಹೀರಾತು ಕೊಟ್ಟಂತೆ. ಎಲ್ಲರಿಗೂ ಇದು ಕೆಲಸ ಮಾಡಲ್ಲ. ಕಾಯಿಲೆ ಇದರಿಂದ ವಾಸಿಯಾಗಲ್ಲ. ಗೆರೆ ಮುಗಿದ ಕಡೆ ಕಾಲು ಮತ್ತೆ ಕಟ್ಟಬಹುದು. 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 153 ರೋಗಿಗಳಿಗೆ ಅವರವರ ಮನೆಯಲ್ಲೇ ಮೂರು ವಾರ ಸದ್ದು, ಬೆಳಕು ಮುಂತಾದ ಸೂಚನೆಗಳ ಜೊತೆ ನಡೆಯುವ ತರಬೇತಿ ಕೊಟ್ಟರು. ನಡಿಗೆ ಸುಧಾರಿಸಿತು, ತರಬೇತಿ ನಿಂತ ಕೆಲವು ವಾರಗಳಲ್ಲಿ ಲಾಭ ಬಹಳಷ್ಟು ಕರಗಿತು. ಸೂಚನೆ ಜೊತೆಗೇ ಇರಬೇಕು ಅಂತ ಇದರ ಅರ್ಥ. ಕನ್ನಡಕ ತೆಗೆದರೆ ಮತ್ತೆ ಮಂಜು ಮಂಜು ಕಾಣುತ್ತೆ, ಹಾಗಂತ ಕನ್ನಡಕ ಸುಳ್ಳು ಅನ್ನಲ್ಲವಲ್ಲ.

ಮಾಡುವವರಿಗೆ ನಾವು ಕಲಿತದ್ದು ನಾಲ್ಕು ಮಾತು. ಗೆರೆ ದಾರಿಗೆ ಅಡ್ಡಲಾಗಿ ಇರಬೇಕು, ಉದ್ದಕ್ಕಲ್ಲ. ನೆಲಕ್ಕೆ ಎದ್ದು ಕಾಣುವ ಬಣ್ಣ ಬೇಕು, ಬಿಳಿ ನೆಲಕ್ಕೆ ಕೆಂಪು ಅಥವಾ ಕಪ್ಪು, ಕಪ್ಪು ಕಲ್ಲಿಗೆ ಬಿಳಿ ಅಥವಾ ಹಳದಿ. ಗೆರೆಯಿಂದ ಗೆರೆಗೆ ಒಂದೂವರೆ ಅಡಿ ಆಚೀಚೆ ಇಟ್ಟು ಶುರು ಮಾಡಿ, ಅವರಿಗೆ ಯಾವುದು ಸಲೀಸೋ ಆ ಅಂತರಕ್ಕೆ ಬದಲಾಯಿಸಿ. ಬಾಗಿಲ ಹತ್ತಿರ ನಿಲ್ಲಿಸಬೇಡಿ, ಬಾಗಿಲ ಆಚೆಗೂ ಎರಡು ಮೂರು ಗೆರೆ ಬರಲಿ, ಕಾಲು ಕಟ್ಟೋದು ಹೆಚ್ಚಾಗಿ ಅಲ್ಲೇ. ತಿರುಗುವ ಮೂಲೆಯಲ್ಲಿ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿ ಅಂಟಿಸಿ. ಟೇಪಿನ ಅಂಚು ಎದ್ದರೆ ಅದೇ ಎಡವುತ್ತೆ, ಎದ್ದ ಕೂಡಲೇ ಬದಲಾಯಿಸಿ. ಒದ್ದೆಯಾಗುವ ಬಚ್ಚಲಿನ ಒಳಗೆ ಟೇಪ್ ಬೇಡ, ಜಾರುತ್ತೆ. ರಾತ್ರಿಗೆ ಒಂದು ಸಣ್ಣ ದೀಪ ಇರಲಿ, ಗೆರೆ ಕಾಣದಿದ್ದರೆ ಇದ್ದೂ ದಂಡ. ಹಚ್ಚಿದ ಮೊದಲ ದಿನಗಳಲ್ಲಿ ಜೊತೆಗೆ ಒಬ್ಬರು ಇರಲೇಬೇಕು. ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೆ ಅವರನ್ನು ಮನೆಗೆ ಕರೆಸಿ ತೋರಿಸಿ.

ಗೆರೆ ಇಲ್ಲದ ಕಡೆ ಕಾಲು ಕಟ್ಟಿದರೆ ದಯವಿಟ್ಟು ಕೈ ಹಿಡಿದು ಎಳೀಬೇಡಿ, ಎಳೆದರೆ ಮೈ ಬರುತ್ತೆ, ಕಾಲು ಬರಲ್ಲ, ಬೀಳ್ತಾರೆ. "ಬೇಗ ಬೇಗ" ಅನ್ನಬೇಡಿ. ಅವರು ನಿಲ್ಲಲಿ, ಉಸಿರು ತಗೊಳ್ಳಲಿ. ಆಮೇಲೆ ಅವರ ಪಾದದ ಮುಂದೆ ನಿಮ್ಮ ಪಾದ ಅಡ್ಡ ಇಟ್ಟು "ಇದನ್ನ ದಾಟಿ" ಅನ್ನಿ. ಅಥವಾ ಭಜನೆಯ ತಾಳದ ಹಾಗೆ ಚಪ್ಪಾಳೆ ತಟ್ಟಿ, ಎಡ ಬಲ ಅಂತ ಎಣಿಸಿ. ಕೆಲವರಿಗೆ ಕಣ್ಣಿಗಿಂತ ಕಿವಿ ಹೆಚ್ಚು ಸಹಾಯ ಮಾಡುತ್ತೆ.

ಬ್ಲಾಗಿಗ ಮಿತ್ರರಲ್ಲಿ ಒಂದು ಮಾತು. ನಾನು ಈ ಎಲ್ಲ ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದು ಲಕ್ಷಣಗಳ ಪಟ್ಟಿ, "ವೈದ್ಯರನ್ನು ಸಂಪರ್ಕಿಸಿ" ಎಂಬ ಕೊನೇ ಸಾಲು. ಪ್ರತಿ ವರ್ಷ ಏಪ್ರಿಲ್ 11ಕ್ಕೆ, ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನ, ಜಾಗೃತಿ ಅಂತ ಟ್ಯೂಲಿಪ್ ಹೂವಿನ ಚಿತ್ರ ಹಾಕ್ತಾರೆ. ಟ್ಯೂಲಿಪ್ ನೋಡಿ ನಮ್ಮ ದೊಡ್ಡಮ್ಮನಿಗೆ ಏನು ಜಾಗೃತಿ ಆಗುತ್ತೆ? ನಡುರಾತ್ರಿ ಗಂಡನನ್ನು ಬಚ್ಚಲ ಬಾಗಿಲಿನಿಂದ ಆಚೆ ದಾಟಿಸೋದು ಹೇಗೆ ಅಂತ ಆಕೆಯ ಭಾಷೆಯಲ್ಲಿ ಹೇಳುವ ಒಂದು ಪುಟ ಬೇಕು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥ ಉಪಾಯ ಏನಾದರೂ ಮಾಡಿದ್ದರೆ ಬರೀರಿ. ಕೆಲಸ ಮಾಡಲಿಲ್ಲ ಅಂದರೂ ಬರೀರಿ, ಅದೂ ಉಪಯೋಗವೇ.

ನಮ್ಮ ಮನೆ ಲೆಕ್ಕ ಹೇಳಿಬಿಡ್ತೀನಿ. ಗೆರೆ ಬಿದ್ದ ಮೇಲೆ ದೊಡ್ಡಪ್ಪ ಹಾಲಿನಿಂದ ಬಚ್ಚಲಿಗೆ ಹೆಚ್ಚಿನ ದಿನಗಳಲ್ಲಿ ಒಬ್ಬರೇ ಹೋಗ್ತಾರೆ. ಕೆಲವು ದಿನ ಆಗಲ್ಲ, ಆಗ ದೊಡ್ಡಮ್ಮನ ಪಾದ ಇದೆ. ಸಂಜೆ ನೀರು ಕುಡಿಯೋಕೆ ಮತ್ತೆ ಶುರು ಮಾಡಿದ್ದಾರೆ. ಎರಡು ಸಲ ಟೇಪ್ ಬದಲಾಯಿಸಿದ್ದೀವಿ, ಎರಡನೇ ಸಲ ಅಣ್ಣನೇ ತಂದು ಅಂಟಿಸಿದ. ಬಂದವರು ಕೇಳ್ತಾರೆ, ಹೌದು. ಕೇಳಿದಾಗ ಹೇಳ್ತೀವಿ. ಹಾಗೆ ಕೇಳಿದವರಲ್ಲಿ ಸಂಡೂರಿನ ಒಬ್ಬರು ಅಳತೆ ಬರ್ಕೊಂಡು ಹೋದರು, ಅವರ ಅತ್ತೆಗೂ ಇದೇ ತೊಂದರೆಯಂತೆ.

ಮರ್ಯಾದೆ ಎಲ್ಲೂ ಹೋಗಿಲ್ಲ, ಗೋಡೆ ಪಕ್ಕ ಇದ್ದಲ್ಲೇ ಇದೆ. ನೀವೇನಂತೀರಿ?